ಗೀಚಿ ಯಾವ ಸಾಲಿನಲ್ಲಿ ನಿಂತಳು

ಕೈಗೆ ಸಿಕ್ಕಿದ್ದರಿಂದ ಸಿಕ್ಕಲ್ಲೆಲ್ಲ ಗೀಚುತ್ತಿದ್ದಳೆಂದು ಅವಳಿಗೆ ಗೀಚಿ ಎಂಬ ಹೆಸರು ಬಿದ್ದಿತ್ತು. ಗೋಡೆ, ಬಾಗಿಲು, ಹಾಲಿನವನ ಚೀಟಿ, ಮಧ್ಯಾಹ್ನ ಮಲಗಿದ್ದ ಅಪ್ಪನ ಅಂಗಾಲು, ಯಾವುದನ್ನೂ ಬಿಟ್ಟವಳಲ್ಲ. ಒಮ್ಮೆ ತರಗತಿಯಲ್ಲಿ ಕಪ್ಪೆಯ ಜೀರ್ಣಾಂಗದ ಚಿತ್ರ ಬರೆಯಲು ಹೇಳಿದಾಗ ಕರುಳು, ಜಠರ, ಪಿತ್ತಕೋಶಗಳನ್ನೆಲ್ಲ ಅಚ್ಚುಕಟ್ಟಾಗಿ ಬರೆದು, ಬಾಣದ ಗುರುತು ಹಾಕಿ, ಮುಖ ಮಾತ್ರ ಹೆಡ್‌ಮಾಸ್ಟರರದ್ದು ಇಟ್ಟಿದ್ದಳು. ವಿಜ್ಞಾನದ ಮೇಡಂ ನಗು ತಡೆಯಲಾರದೆ ಪೂರ್ತಿ ಅಂಕ ಕೊಟ್ಟರು. ಕೊಟ್ಟ ಮೇಲೆ ಹೆಡ್‌ಮಾಸ್ಟರರ ಕೋಣೆಗೂ ಕಳಿಸಿದರು. ಅವರು ಕನ್ನಡಕ ಮೇಲೆತ್ತಿ ಬಹಳ ಹೊತ್ತು ನೋಡಿ ಕೇಳಿದ್ದು ಒಂದೇ ಪ್ರಶ್ನೆ:

"ನನ್ನ ಕಿವಿ ಇಷ್ಟು ದೊಡ್ಡದಾ?"

"ಕಪ್ಪೆಗೆ ಹೊರಗಡೆ ಕಿವಿ ಇರಲ್ಲ ಸರ್. ಅದಕ್ಕೇ ನಿಮ್ಮದನ್ನೇ ಇಟ್ಟೆ."

ಇಂಥ ಹುಡುಗಿ ಹತ್ತನೆಯ ತರಗತಿ ಮುಗಿಸಿ ಮುಂದೇನು ಎಂಬ ಪ್ರಶ್ನೆ ಎದ್ದಾಗ ಮನೆ ಎರಡು ಪಾಳಯವಾಯಿತು. ಬೇರೆ ಮನೆಗಳಲ್ಲಿ ಅಪ್ಪ ಅಮ್ಮಂದಿರು ಮಕ್ಕಳು ತಮ್ಮ ದಾರಿಯನ್ನೇ ಹಿಡಿಯಲಿ ಎಂದು ಹಟ ಮಾಡುತ್ತಾರೆ. ಈ ಮನೆಯಲ್ಲಿ ಎಲ್ಲವೂ ಉಲ್ಟಾ. ಅಪ್ಪ ಡ್ರಾಯಿಂಗ್ ಮೇಷ್ಟ್ರು. ಮಗಳು ವಿಜ್ಞಾನ ಓದಲೇಬೇಕು ಅನ್ನುತ್ತಿದ್ದರು. ಅಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವವಳು. ಮಗಳು ಚಿತ್ರಕಲೆಯನ್ನೇ ಕಲಿಯಲಿ ಅನ್ನುತ್ತಿದ್ದಳು.

"ಡ್ರಾಯಿಂಗ್ ಪೀರಿಯಡ್ಡು ಅಂದ್ರೆ ಏನಂದ್ಕೊಂಡಿದೀಯ?" ಅಪ್ಪ ಊಟಕ್ಕೆ ಕೂತಾಗಲೆಲ್ಲ ಶುರು ಮಾಡುತ್ತಿದ್ದರು. "ಲೆಕ್ಕದ ಮೇಷ್ಟ್ರ ಪಾಠ ಉಳಿದಿದ್ರೆ ಮುಗಿಸ್ಕೊಳ್ಳೋಕೆ ಇರೋ ಪೀರಿಯಡ್ಡು. ಶಾಲೇಲಿ ನನ್ನನ್ನ ಯಾವಾಗ ಹುಡುಕ್ತಾರೆ ಗೊತ್ತಾ? ಬಾಗಿಲ ಮೇಲೆ 'ಚಪ್ಪಲಿ ಹೊರಗೆ ಬಿಡಿ' ಅಂತ ಬರೀಬೇಕಾದಾಗ."

"ನಿಮ್ಮನ್ನ ಹುಡುಕೋರಾದ್ರೂ ಇದಾರಲ್ರೀ," ಅಮ್ಮ ಬಿಡುತ್ತಿರಲಿಲ್ಲ. "ನನ್ನ ಕಿಟಕಿ ಹತ್ರ ಇವತ್ತಿನವರೆಗೆ ಒಬ್ಬರಾದ್ರೂ ನಗ್ತಾ ಬಂದಿದಾರಾ? ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈ ಅದರ ಮೇಲೆ ಮುಚ್ಚಿರ್ತಾರೆ. ನನ್ನ ಮಗಳು ಬಣ್ಣ ನೋಡ್ಲಿ ಅಂದ್ರೆ ಈ ಬಣ್ಣಗಳನ್ನಲ್ಲ."

ಗೀಚಿ ಇಬ್ಬರ ಮುಖವನ್ನೂ ನೋಡುತ್ತ, ತಟ್ಟೆಯಲ್ಲಿದ್ದ ಸಾರಿನಲ್ಲಿ ಬೆರಳದ್ದಿ ಇಬ್ಬರ ಮೂಗನ್ನೂ ಬರೆಯುತ್ತಿದ್ದಳು.

ಮಾತಿನಿಂದ ಕೆಲಸ ಆಗುವುದಿಲ್ಲವೆಂದು ಅಪ್ಪನಿಗೆ ಹೊಳೆಯಿತು. ಒಂದು ದಿನ ತಮ್ಮ ತರಗತಿಗೇ ಮಗಳನ್ನು ಕರೆದೊಯ್ದು ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಆ ಗದ್ದಲ, ಆ ಧೂಳು, ಎಲ್ಲರ ಹಾಳೆಯಲ್ಲೂ ಅದೇ ಎರಡು ಗುಡ್ಡ, ನಡುವೆ ಅದೇ ಸೂರ್ಯ, ಕೆಳಗೆ ಅದೇ ಗುಡಿಸಲು. ಇದನ್ನು ಕಂಡರೆ ಯಾರಿಗಾದರೂ ಚಿತ್ರಕಲೆಯ ಮೇಲೆ ಜಿಗುಪ್ಸೆ ಬರಲೇಬೇಕು ಎಂದು ಅವರ ಲೆಕ್ಕ. ಗೀಚಿ ಬೆಂಚಿನಿಂದ ಬೆಂಚಿಗೆ ಹಾರಿ, ಒಬ್ಬನ ಗುಡ್ಡಕ್ಕೆ ಮೀಸೆ ಬರೆಸಿದಳು, ಇನ್ನೊಬ್ಬನ ಸೂರ್ಯನಿಗೆ ನೆಗಡಿ ಬರಿಸಿದಳು. ಗಂಟೆ ಹೊಡೆದರೂ ಒಬ್ಬರೂ ಏಳಲಿಲ್ಲ. ಲೆಕ್ಕದ ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತು, ಕೆಮ್ಮಿ, ವಾಪಸು ಹೋದರು. ತಮ್ಮ ಅಷ್ಟು ವರ್ಷದ ನೌಕರಿಯಲ್ಲಿ ಲೆಕ್ಕದ ಮೇಷ್ಟ್ರು ಸೋತು ಹೋದದ್ದನ್ನು ಅಪ್ಪ ಕಂಡದ್ದು ಅದೇ ಮೊದಲು. ಸಂತೋಷ ಪಡಬೇಕೋ ಗಾಬರಿಯಾಗಬೇಕೋ ಅವರಿಗೆ ತಿಳಿಯಲಿಲ್ಲ.

ಮರುದಿನ ಅಮ್ಮನ ಸರದಿ. ಲ್ಯಾಬಿನ ವಾಸನೆ ಒಂದು ಸಾರಿ ಮೂಗಿಗೆ ಹತ್ತಿದರೆ ಹುಡುಗಿ ತಾನಾಗಿಯೇ ಬಣ್ಣದ ಡಬ್ಬಿ ಹಿಡಿದು ಓಡುತ್ತಾಳೆ ಎಂದು ಅವಳು ನಂಬಿದ್ದಳು. ಗೀಚಿ ಮೂಗು ಮುಚ್ಚಿಕೊಂಡೇ ಒಳಗೆ ಬಂದಳು. ಅಮ್ಮ ಒಂದು ಗಾಜಿನ ಪಟ್ಟಿಯ ಮೇಲೆ ರಕ್ತದ ಹನಿ ಸವರಿ, ನೇರಳೆ ಬಣ್ಣ ಹಾಕಿ ತೊಳೆದು ಮೈಕ್ರೋಸ್ಕೋಪಿನ ಕೆಳಗಿಟ್ಟಳು. ಗೀಚಿ ಒಂದು ಕಣ್ಣು ಮುಚ್ಚಿ ಬಗ್ಗಿದವಳು ಮೇಲೇಳಲೇ ಇಲ್ಲ.

"ಅಮ್ಮ, ಇದು ಯಾರದು?"

"ಯಾರೋ ಬಸ್ ಡ್ರೈವರಂತೆ."

"ಡ್ರೈವರೊಳಗೆ ಇಷ್ಟು ಚೆಂದ ಇದೆಯಾ!"

ಅಮ್ಮ ತಲೆ ಚಚ್ಚಿಕೊಂಡಳು. ಊಟದ ಬಿಡುವಿನಲ್ಲೂ ಮಗಳು ಬುತ್ತಿ ತೆರೆಯದೆ ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ನೋಡುತ್ತ ಕೂತಿದ್ದಳು.

ಹೀಗೆ ಇಬ್ಬರ ಉಪಾಯವೂ ತಲೆಕೆಳಗಾಗಿ, ಗೀಚಿಗೆ ಈಗ ಎರಡೂ ಬೇಕೆನ್ನಿಸಿತು. ಆದರೆ ಊರಿನ ಕಾಲೇಜಿನಲ್ಲಿ ಒಂದು ಜಗಲಿಯ ಉದ್ದಕ್ಕೂ ವಿಜ್ಞಾನ, ಎದುರು ಜಗಲಿಯ ಉದ್ದಕ್ಕೂ ಚಿತ್ರಕಲೆ. ಎರಡರಲ್ಲೂ ಕಾಲಿಡಲು ಬಿಡುತ್ತಿರಲಿಲ್ಲ. ಯಾವುದೆಂದು ಅವಳಿಗೇ ತಿಳಿಯಲಿಲ್ಲ. ತಿಳಿಯದ ಮೇಲೆ, ರಜೆಯನ್ನಾದರೂ ಚೆನ್ನಾಗಿ ಕಳೆಯೋಣ ಎಂದುಕೊಂಡಳು. ಅಪ್ಪ ಒಬ್ಬರೇ ಇದ್ದಾಗ ಹತ್ತಿರ ಹೋಗಿ, "ಅಪ್ಪ, ನೀನು ಹೇಳಿದ್ದೇ ಸರಿ. ವಿಜ್ಞಾನವೇ. ಅಮ್ಮಂಗೆ ಈಗಲೇ ಹೇಳ್ಬೇಡ, ಬೇಜಾರ್ ಮಾಡ್ಕೋತಾಳೆ," ಎಂದು ಪಿಸುಗುಟ್ಟಿದಳು. ಮಾರನೆಯ ದಿನ ಒಗೆದ ಬಟ್ಟೆ ಹರವುತ್ತಿದ್ದ ಅಮ್ಮನ ಕಿವಿಯಲ್ಲಿ, "ಚಿತ್ರಕಲೇನೇ ಅಮ್ಮ. ಅಪ್ಪಂಗೆ ಮಾತ್ರ ಈಗಲೇ ಬೇಡ," ಎಂದಳು. ಅಂದಿನಿಂದ ಮನೆಯಲ್ಲಿ ಜಗಳವೇ ಇಲ್ಲ. ಗಂಡ ಹೆಂಡತಿ ಇಬ್ಬರೂ ಗೆದ್ದವರ ಔದಾರ್ಯದಿಂದ ಒಬ್ಬರನ್ನೊಬ್ಬರು ಕರುಣೆಯಿಂದ ನೋಡುತ್ತಿದ್ದರು. "ಇನ್ನೊಂದು ಸ್ವಲ್ಪ ಬಡಿಸ್ಕೊಳ್ರೀ" ಎಂದು ಅಮ್ಮ, "ನೀನು ಕೂತ್ಕೋ, ನಾನೇ ತೊಳೀತೀನಿ" ಎಂದು ಅಪ್ಪ. ಗೀಚಿಯಂತೂ ಎರಡೂ ಕಡೆಯ ಮುದ್ದು ತಿಂದು ಬೆಣ್ಣೆಯ ಹಾಗಾದಳು.

ಇದನ್ನೆಲ್ಲ ಮೂಲೆಯ ಮಂಚದಿಂದ ಗಮನಿಸುತ್ತಿದ್ದವಳು ಅಪ್ಪನ ತಾಯಿ, ಅಜ್ಜಿ. ಹುಡುಗಿಯಾಗಿದ್ದಾಗ ಪಕ್ಕದ ತೋಟದ ಹಣ್ಣು ಕದಿಯಲು ಮರ ಹತ್ತಿ, ಕೊಂಬೆ ಚುಚ್ಚಿ ಎಡಗಣ್ಣು ಕಳೆದುಕೊಂಡವಳು. ಆಮೇಲೆ ಯಾವುದೋ ಆಸ್ಪತ್ರೆಯಲ್ಲಿ ಸಿದ್ಧವಾಗಿ ಸಿಗುವ ಒಂದು ಕೃತಕ ಕಣ್ಣು ಹಾಕಿಸಿಕೊಂಡಿದ್ದಳು. ಅದು ಕೋಟಿನ ಗುಂಡಿಯಷ್ಟು ಕಪ್ಪು. ಅಜ್ಜಿ ತನ್ನ ಕುಂದನ್ನು ಅಸ್ತ್ರ ಮಾಡಿಕೊಂಡಿದ್ದಳು. ಮಧ್ಯಾಹ್ನ ಮಲಗುವಾಗ ಕಣ್ಣು ತೆಗೆದು ನೀರಿನ ಬಟ್ಟಲಿನಲ್ಲಿ ಹಾಕಿ, ಆ ಬಟ್ಟಲನ್ನು ಸಕ್ಕರೆ ಡಬ್ಬಿಯ ಪಕ್ಕದಲ್ಲಿಡುತ್ತಿದ್ದಳು. ಅದು ನೋಡುತ್ತಿರುವಾಗ ಸಕ್ಕರೆಗೆ ಕೈ ಹಾಕುವ ಧೈರ್ಯ ಕೇರಿಯ ಯಾವ ಮಗುವಿಗೂ ಇರಲಿಲ್ಲ.

"ಏ ಕಳ್ಳಿ," ಅಂದಳು ಅಜ್ಜಿ ಒಂದು ದಿನ, "ಇಬ್ಬರಿಗೂ ಹೂಂ ಅಂದಿದೀಯಲ್ಲ?"

ಗೀಚಿ ಬೆಚ್ಚಿದಳು. "ನಿಂಗ್ಹೇಗೆ ಗೊತ್ತು?"

"ಕಣ್ಣು ಒಂದಾದ್ರೇನು, ಕಿವಿ ಎರಡಿದಾವಲ್ಲ. ಬಾಯಿ ಮುಚ್ಕೊಂಡಿರ್ತೀನಿ. ಆದ್ರೆ ನಂದೊಂದು ಕೆಲಸ ಮಾಡ್ಕೊಡ್ಬೇಕು." ಅಜ್ಜಿ ದನಿ ತಗ್ಗಿಸಿದಳು. "ನನ್ನ ಹಳೇ ಗೆಳತಿ ನೋಡೋಕೆ ಬರ್ತಾಳಂತೆ. ಅವಳು ಬಾಯ್ತುಂಬ ಹೊಸ ಹಲ್ಲು ಕಟ್ಟಿಸ್ಕೊಂಡಿದಾಳೆ. ನಾನು ಈ ಗುಂಡಿ ಹಾಕ್ಕೊಂಡು ಅವಳ ಮುಂದೆ ಕೂತ್ಕೊಳ್ಳಲ್ಲ. ಇದಕ್ಕೆ ಬಣ್ಣ ಬಳಿದುಕೊಡು."

ಗೀಚಿಗೆ ಇನ್ನೇನು ಬೇಕು? ಅಜ್ಜಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿ ಬಲಗಣ್ಣನ್ನು ದಿಟ್ಟಿಸಿದಳು. ದಿನಾ ನೋಡಿದ ಕಣ್ಣೇ. ಆದರೆ ಹೀಗೆ ಎಂದೂ ನೋಡಿರಲಿಲ್ಲ. ಅದು ಕಪ್ಪಲ್ಲ, ಜೇನಿನ ಬಣ್ಣ. ಜೇನಿನೊಳಗೆ ಸಣ್ಣ ಸಣ್ಣ ಗೆರೆಗಳು. ಅಂಚಿನ ಸುತ್ತ ವಯಸ್ಸು ಎಳೆದ ಬೂದಿನೀಲಿ ಉಂಗುರ. ಬಿಳಿಯೂ ಬಿಳಿಯಲ್ಲ, ಹಳೆಯ ಪಿಂಗಾಣಿಯ ಹಾಗೆ. ಅಪ್ಪನ ಪೆಟ್ಟಿಗೆಯ ತೈಲವರ್ಣ ತಂದು, ಎರಡೆಳೆ ಕೂದಲಿನ ಕುಂಚದಲ್ಲಿ ಉಸಿರು ಬಿಗಿಹಿಡಿದು ಬಳಿದಳು. ಒಣಗಿದ ಮೇಲೆ ಹೊಳಪಿಗೆಂದು ಅದರ ಮೇಲೆ ಉಗುರಿಗೆ ಹಚ್ಚುವ ಬಣ್ಣವಿಲ್ಲದ ಪಾಲಿಶ್ ಹಚ್ಚಿದಳು. ಅಜ್ಜಿ ಅದನ್ನು ಹಾಕಿಕೊಂಡು ಕನ್ನಡಿ ನೋಡಿ, ಹತ್ತು ವರ್ಷ ಚಿಕ್ಕವಳಾದಂತೆ ಸೆರಗು ಸರಿಮಾಡಿಕೊಂಡಳು.

ಗೆಳತಿ ಬಂದಳು. ಹಲ್ಲು ಕಾಣಲೆಂದು ನಗಲು ಕಾರಣವಿಲ್ಲದಿದ್ದರೂ ನಕ್ಕಳು. ಅಜ್ಜಿ ಕಣ್ಣು ಕಾಣಲೆಂದು ಎಡಗೆನ್ನೆಯನ್ನೇ ಮುಂದೆ ಮಾಡಿ ಕೂತಳು. ಬಹಳ ಹೊತ್ತು ಇಬ್ಬರೂ ಮೊಮ್ಮಕ್ಕಳ ಸುದ್ದಿ ಮಾತಾಡಿದರು. ಯಾರೂ ಮೊದಲು ಸೋಲಲಿಲ್ಲ. ಕಡೆಗೆ ಗೆಳತಿಗೇ ತಡೆಯಲಾಗಲಿಲ್ಲ.

"ಅಲ್ವೇ, ನಿನ್ನ ಕಣ್ಣು ವಾಸಿಯಾಯ್ತೇನೇ?"

ಅಜ್ಜಿ ಏನೂ ಆಗಿಲ್ಲವೆಂಬಂತೆ, "ಹೂಂ, ಹೋದ ವಾರ ಚಿಗುರಿತು," ಅಂದಳು. ಒಳಗೆ ಗೀಚಿ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕಳು.

ಆ ನಗು ಸಂಜೆಯವರೆಗೂ ಬಾಳಲಿಲ್ಲ. ಅಜ್ಜಿಯ ರೆಪ್ಪೆ ಊದಿತು, ನೀರು ಸುರಿಯತೊಡಗಿತು. ಕಣ್ಣು ತೆಗೆದು ನೋಡಿದರೆ ಬಣ್ಣ ಅಲ್ಲಲ್ಲಿ ಕಿತ್ತು, ಒಳಗೆಲ್ಲ ಕೆಂಡದ ಹಾಗೆ ಕೆಂಪಾಗಿತ್ತು. ಅಜ್ಜಿ ಹಲ್ಲು ಕಚ್ಚಿ ಕೂತಳೇ ಹೊರತು ಅಯ್ಯೋ ಅನ್ನಲಿಲ್ಲ. ಅದನ್ನು ನೋಡುವುದೇ ಗೀಚಿಗೆ ಹೆಚ್ಚು ಕಷ್ಟವಾಯಿತು. ಒದ್ದೆ ಬಟ್ಟೆ ಹಿಡಿದು ಪಕ್ಕದಲ್ಲೇ ಕೂತಳು. ಅಮ್ಮ ಬಂದು ಒಂದು ನೋಟದಲ್ಲೇ ಎಲ್ಲ ಅರ್ಥ ಮಾಡಿಕೊಂಡು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರಮ್ಮ ತೊಳೆದು, ಔಷಧಿ ಹಾಕಿ, "ಯಾರು ಮಾಡಿದ್ದು ಈ ಘನಕಾರ್ಯ?" ಎಂದು ಗದರಿದರು.

"ನಾನೇ ಬಳ್ಕೊಂಡೆ," ಅಂದಳು ಅಜ್ಜಿ.

"ಒಂದೇ ಕಣ್ಣಲ್ಲಿ ನೋಡ್ಕೊಂಡು, ಇಷ್ಟು ನಯವಾಗಿ?"

"ವಯಸ್ಸಾದ್ರೂ ಕೈ ನಡುಗಲ್ಲ ನಂದು," ಎಂದು ಅಜ್ಜಿ ಕೈ ಚಾಚಿದಳು. ಅದು ಗಡಗಡ ನಡುಗುತ್ತಿತ್ತು. ಗೀಚಿಗೆ ತಡೆಯಲಾಗಲಿಲ್ಲ. "ನಾನು ಮೇಡಂ. ನಾನೇ," ಎಂದಳು.

ಊತ ಇಳಿದ ಮೇಲೆ ಹೊಸ ಕಣ್ಣು ಮಾಡಿಸಿಕೊಳ್ಳಿ ಎಂದು ಡಾಕ್ಟರಮ್ಮ ಆಸ್ಪತ್ರೆಯ ಹಿಂಭಾಗದ ಕೋಣೆಗೆ ಕಳಿಸಿದರು. ದೊಡ್ಡ ಕಿಟಕಿಯ ಪಕ್ಕದಲ್ಲಿ ಒಂದು ಮೇಜು, ದಂತವೈದ್ಯರ ಬಳಿ ಇರುವಂಥ ಸಾಣೆಯಂತ್ರ, ಮೇಣ, ಸಾಲು ಸಾಲು ಸಣ್ಣ ಸೆಳೆಖಾನೆಗಳು. ಒಂದನ್ನು ಎಳೆದರೆ ಒಳಗಿಂದ ಕಣ್ಣುಗಳೆಲ್ಲ ಒಟ್ಟಿಗೆ ಯಾರದು ಎಂಬಂತೆ ನೋಡಿದವು. ಅಲ್ಲಿ ಕೂತಿದ್ದ ಕಣ್ಣು ಮಾಡುವವರು ದಪ್ಪ ಹುಬ್ಬಿನ, ಮಾತಿಗೆ ಜಿಪುಣತನ ಮಾಡುವ ಮನುಷ್ಯ. ಗೀಚಿ ಬಳಿದ ಕಣ್ಣನ್ನು ಬೆಳಕಿಗೆ ಹಿಡಿದು ಆಚೆ ಈಚೆ ತಿರುಗಿಸಿದರು.

"ಬಣ್ಣ ಸರಿಯಾಗಿದೆ. ಬುದ್ಧಿ ಸರಿಯಿಲ್ಲ."

ಗೀಚಿ ತಲೆ ತಗ್ಗಿಸಿದಳು.

"ಯಾಕೆ ಊದಿಕೊಳ್ತು, ಗೊತ್ತಾ?"

"ಗೊತ್ತಿಲ್ಲ."

"ಈ ಬೂದಿ ಉಂಗುರ ಹಾಕ್ಬೇಕು ಅಂತ ಯಾರು ಹೇಳಿದ್ರು?"

"ಯಾರೂ ಇಲ್ಲ. ಇತ್ತು, ಹಾಕಿದೆ."

ಅವರು ಹುಬ್ಬು ಎತ್ತಿದರು. ಒಂದು ಸ್ಟೂಲನ್ನು ಕಾಲಿನಿಂದಲೇ ಅವಳ ಕಡೆ ತಳ್ಳಿದರು. ರಜೆ ಮುಗಿಯುವವರೆಗೂ ಗೀಚಿ ಆ ಸ್ಟೂಲು ಬಿಟ್ಟು ಕದಲಲಿಲ್ಲ. ಕಣ್ಣುಗುಳಿಯ ಅಚ್ಚು ತೆಗೆಯುವುದು, ಮೇಣದಲ್ಲಿ ಆಕಾರ ತಿದ್ದುವುದು, ಕೆಂಪು ರೇಷ್ಮೆ ದಾರವನ್ನು ಬಿಡಿಸಿ ಬಿಡಿಸಿ ಉಸಿರಿಗೆ ಹಾರುವಷ್ಟು ತೆಳ್ಳಗಾದ ಎಳೆಯನ್ನು ಬಿಳಿಯ ಮೇಲೆ ನರವಾಗಿ ಕೂರಿಸುವುದು, ಅದರ ಮೇಲೆ ಪಾರದರ್ಶಕ ರಾಳ ಹಾಕಿ ಬೇಯಿಸುವುದು, ಎಲ್ಲವನ್ನೂ ನೋಡಿದಳು. ಬೇಯುವುದು ಸ್ವಲ್ಪ ಕಮ್ಮಿಯಾದರೂ ಕಣ್ಣು ಉರಿಯುತ್ತದೆ ಅನ್ನುತ್ತಿದ್ದರು ಅವರು. ಯಾಕೆ ಎಂದು ಕೇಳಿದರೆ, "ರಸಾಯನಶಾಸ್ತ್ರ," ಎಂಬ ಒಂದೇ ಮಾತು. ಅಜ್ಜಿಗೆ ಜೇನಿನ ಬಣ್ಣದ ಹೊಸ ಕಣ್ಣು ಬಂತು. ಗೆಳತಿಯನ್ನು ಮತ್ತೆ ಕರೆಸಬೇಕೆಂದು ಅವಳು ಆವತ್ತೇ ಹಟ ಹಿಡಿದಳು.

ಅಷ್ಟರಲ್ಲಿ ಕಾಲೇಜಿನ ಪ್ರವೇಶದ ದಿನ ಬಂತು. ಬೆಳಿಗ್ಗೆ ಅಪ್ಪ, "ಶಾಲೇಲಿ ಮೀಟಿಂಗು," ಎಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟರು. ಅಮ್ಮ, "ಲ್ಯಾಬಿಗೆ ಹೊಸ ಮಷೀನು ಬರುತ್ತೆ," ಎಂದು ಒಳ್ಳೆ ಸೀರೆ ಉಟ್ಟು ಹೊರಟಳು. ಮಷೀನು ನೋಡಲು ಇಷ್ಟೊಂದು ಸಿಂಗಾರ ಯಾಕೆಂದು ಗೀಚಿಗೆ ಅನುಮಾನ ಬಂದರೂ ತಡವಾಗಿತ್ತು. ಅಜ್ಜಿಯ ಕೈ ಹಿಡಿದು ಬಸ್ಸಿಳಿದು ಕಾಲೇಜಿನ ಗೇಟು ದಾಟಿದವಳು ಅಲ್ಲೇ ನಿಂತಳು.

ವಿಜ್ಞಾನದ ಜಗಲಿಯ ಸಾಲಿನಲ್ಲಿ ಮಗಳಿಗೆ ಜಾಗ ಹಿಡಿದುಕೊಂಡು ಅಪ್ಪ ನಿಂತಿದ್ದರು. ಎದುರು ಜಗಲಿಯ ಚಿತ್ರಕಲೆಯ ಸಾಲಿನಲ್ಲಿ ಅಮ್ಮ ನಿಂತಿದ್ದಳು. ನಡುವೆ ಅಂಗಳ. ಇಬ್ಬರೂ ಒಬ್ಬರನ್ನೊಬ್ಬರು ಆಗಷ್ಟೇ ಕಂಡಿದ್ದರು.

"ನಿಮ್ಮ ಮೀಟಿಂಗು ಇಲ್ಲಾ ನಡೀತಿರೋದು?" ಅಮ್ಮ ಅಂಗಳದಾಚೆಯಿಂದಲೇ ಕೂಗಿದಳು.

"ನಿನ್ನ ಮಷೀನು ಈ ಸಾಲಲ್ಲೇ ಬರುತ್ತಾ?" ಅಪ್ಪ ತಿರುಗಿ ಕೂಗಿದರು.

"ಮಗಳು ಚಿತ್ರಕಲೆ ಅಂತ ನನ್ನ ಕಿವೀಲಿ ಹೇಳಿದಾಳೆ!"

"ನನ್ನ ಕಿವೀಲಿ ವಿಜ್ಞಾನ ಅಂತ ಹೇಳಿದಾಳೆ!"

ಎರಡೂ ಸಾಲಿನವರು ಕತ್ತು ತಿರುಗಿಸಿ ನೋಡಿದರು. ಗೀಚಿ ಅಜ್ಜಿಯ ಬೆನ್ನ ಹಿಂದೆ ಸರಿಯಲು ನೋಡಿದಳು. ಅಜ್ಜಿ ಸರಕ್ಕನೆ ಪಕ್ಕಕ್ಕೆ ಜರುಗಿ ಅವಳನ್ನು ಬಯಲಿಗೆ ಬಿಟ್ಟಳು. "ಈಗ ಹೇಳು, ಬೆಣ್ಣೆ," ಅಂದಳು.

ಅಪ್ಪ ಅಮ್ಮ ಇಬ್ಬರೂ ಸಾಲು ಬಿಟ್ಟು ಬಂದು ಎದುರು ನಿಂತರು. ಜಾಗ ಹೋಯಿತಲ್ಲ ಎಂಬ ಸಂಕಟ ಇಬ್ಬರ ಮುಖದಲ್ಲೂ ಇತ್ತು.

"ಇಬ್ಬರಿಗೂ ಸುಳ್ಳು ಹೇಳ್ದೆ. ತಪ್ಪಾಯ್ತು," ಎಂದಳು ಗೀಚಿ. "ಯಾವುದೂ ಗೊತ್ತಿರಲಿಲ್ಲ. ಈಗ ಗೊತ್ತಿದೆ. ನಾನೂ ಕಣ್ಣು ಮಾಡೋಳಾಗ್ತೀನಿ. ವಿಜ್ಞಾನ ತಗೋತೀನಿ."

ಅಪ್ಪ ಗೆದ್ದವರಂತೆ ಎದೆ ಉಬ್ಬಿಸಿದರು. ಅಮ್ಮನ ಮುಖ ಸಣ್ಣದಾಯಿತು. "ಯಾಕೇ? ನಿನ್ನ ಕೈ ಎಂಥದ್ದು ಅಂತ ಗೊತ್ತಿಲ್ವಾ ನಿಂಗೆ?"

"ಅದಕ್ಕೇ ಅಮ್ಮ. ಗೀಚೋದನ್ನ ನೀವು ಕೈ ಕಟ್ಟಿ ಹಾಕಿದ್ರೂ ನಾನು ಬಿಡಲ್ಲ. ರಸಾಯನಶಾಸ್ತ್ರ ಮಾತ್ರ ಯಾರಾದ್ರೂ ತಲೆ ಮೇಲೆ ನಿಂತು ಕಲಿಸದಿದ್ರೆ ನಾನಾಗಿ ಕಲಿಯೋಳಲ್ಲ. ಕಲೀದಿದ್ರೆ ಅಜ್ಜೀದು ಊದಿಸಿದ ಹಾಗೆ ಇನ್ನೊಬ್ಬರ ಕಣ್ಣೂ ಊದಿಸ್ತೀನಿ." ಆಮೇಲೆ ಅಪ್ಪನ ಕಡೆ ತಿರುಗಿದಳು. "ಎದೆ ಉಬ್ಬಿಸ್ಬೇಡ. ಪ್ರತಿ ಭಾನುವಾರ ನೀನು ನಂಗೆ ಚಿತ್ರ ಕಲಿಸ್ಬೇಕು. ಶಾಲೇಲಿ ಕಲಿಸೋ ಹಾಗಲ್ಲ, ಸರಿಯಾಗಿ."

ಅಪ್ಪ ವಿಜ್ಞಾನದ ಸಾಲಿನ ತುದಿಗೆ ಹೋಗಿ ನಿಂತರು. ಈಗ ಅವರ ಮುಂದೆ ಊರಿಗೂರೇ ಇತ್ತು.

ಆರಿಸಿಕೊಂಡದ್ದೇನೋ ಸರಿ, ಆದರೆ ಗೀಚಿಯ ಓದು ಹೂವಿನ ಹಾಸಿಗೆಯಾಗಲಿಲ್ಲ. ಮೊದಲ ವರ್ಷ ರಸಾಯನಶಾಸ್ತ್ರದಲ್ಲೇ ಮುಗ್ಗರಿಸಿದಳು. ಫಲಿತಾಂಶದ ದಿನ ಎದುರು ಜಗಲಿಯಲ್ಲಿ ಹಾಡುತ್ತ ಕ್ಯಾನ್ವಾಸಿಗೆ ಬಣ್ಣ ಹಚ್ಚುತ್ತಿದ್ದವರನ್ನು ನೋಡಿ, ಅಮ್ಮನ ಮಾತು ಕೇಳಬೇಕಿತ್ತೆಂದು ಪೇಚಾಡಿಕೊಂಡಳು. "ಆ ಜಗಲಿಗೆ ಈಗಲೂ ಹೋಗ್ಬಹುದು," ಎಂದು ಅಮ್ಮ ಮೆತ್ತಗೆ ಹೇಳಿದಳು. ಗೀಚಿ ಒಂದು ದಿನವೆಲ್ಲ ಯೋಚಿಸಿ, ಬೇಡವೆಂದು ಮತ್ತೆ ಪುಸ್ತಕ ಹಿಡಿದಳು. ಎರಡನೆಯ ಸಲ ಪಾಸಾದಳು, ಅದೂ ಅಂಚಿನಲ್ಲಿ. ಭಾನುವಾರಗಳಂದು ಅಪ್ಪ ಬೇರೆಯೇ ಮನುಷ್ಯರಾದರು. ಬಿಳಿ ಬಟ್ಟೆಯ ಮೇಲೆ ಬಿಳಿ ಬಟ್ಟಲು, ಬಿಳಿ ಬಟ್ಟಲಿನಲ್ಲಿ ಮೊಟ್ಟೆ ಇಟ್ಟು, "ಬಿಳಿ ಬಣ್ಣ ಮುಟ್ಟದೆ ಬರಿ," ಅನ್ನುತ್ತಿದ್ದರು. ಗೀಚಿ ತಿಂಗಳುಗಟ್ಟಲೆ ಮೊಟ್ಟೆ ಬರೆದಳು. ಬರೆದಾದ ಮೇಲೆ ಅಜ್ಜಿ ಅದನ್ನು ಬೇಯಿಸಿ ತಿನ್ನುತ್ತಿದ್ದಳು. ಮಗಳಿಗೆ ಕಲಿಸುತ್ತ ಕಲಿಸುತ್ತ ಅಪ್ಪ ತಾವೂ ಕುಂಚ ಹಿಡಿದರು. ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು ಪೀರಿಯಡ್ಡು ಕೇಳಲು ಬಂದರೆ ಈಗ ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ.

ಓದು ಮುಗಿಸಿ, ತರಬೇತಿಯನ್ನೂ ಮುಗಿಸಿ ಗೀಚಿ ಅದೇ ಕಿಟಕಿಯ ಕೋಣೆಗೆ ಸೇರಿದಳು. ದಪ್ಪ ಹುಬ್ಬಿನವರು ನಿವೃತ್ತರಾಗುವ ದಿನ ತಮ್ಮ ಕುರ್ಚಿಯನ್ನೂ ಸ್ಟೂಲು ತಳ್ಳಿದ ಹಾಗೆಯೇ ಕಾಲಿನಿಂದ ಅವಳ ಕಡೆ ತಳ್ಳಿ ಹೋದರು. ಈಗ ಅವಳ ಕೂದಲೂ ಅಲ್ಲಲ್ಲಿ ನರೆತಿದೆ. ಬುದ್ಧಿ ಮಾತ್ರ ಪೂರ್ತಿ ಸರಿಯಾಗಿಲ್ಲ. ಕಣ್ಣು ಹಾಕಿಸಿಕೊಳ್ಳಲು ಹೆದರಿ ಬರುವ ಮಕ್ಕಳಿಗೆ, "ನಿಂಗೇನು ಬೇಕು ಹೇಳು, ಬರೀತೀನಿ," ಅನ್ನುತ್ತಾಳೆ. ಮೇಲಿನ ರೆಪ್ಪೆಯಡಿ ಅಡಗುವ ಜಾಗದಲ್ಲಿ ಸಾಸಿವೆಯಷ್ಟು ದೊಡ್ಡ ಗಾಳಿಪಟವನ್ನೋ ಮೀನನ್ನೋ ಬರೆದು ರಾಳ ಹಾಕಿ ಬೇಯಿಸಿಬಿಡುತ್ತಾಳೆ. ಹೊರಗೆ ಯಾರಿಗೂ ಕಾಣುವುದಿಲ್ಲ. ಕಣ್ಣೊಳಗೆ ಗಾಳಿಪಟ ಇದೆಯೆಂದು ಆ ಮಗುವಿಗೆ ಗೊತ್ತಿರುತ್ತದೆ, ಅಷ್ಟೆ. ಅದು ತಲೆ ಎತ್ತಿ ನಡೆಯುತ್ತದೆ.

ಹೋದ ವರ್ಷ ಒಬ್ಬ ಕ್ಷೌರಿಕ ಬಂದಿದ್ದ. ಅಪಘಾತದಲ್ಲಿ ಕಣ್ಣು ಹೋದ ಮೇಲೆ ಅವನ ಕತ್ತಿಗೆ ಕತ್ತು ಕೊಡಲು ಜನ ಹಿಂಜರಿಯುತ್ತಿದ್ದರು. ಗೀಚಿ ಅವನನ್ನು ಕಿಟಕಿಯ ಎದುರು ಕೂರಿಸಿ, ಮಾತಾಡಿಸುತ್ತ, ನಗಿಸುತ್ತ ಕಣ್ಣು ಬರೆದಳು. ತಿಂಗಳ ಮೇಲೆ ಅವನು ಓಡೋಡಿ ಬಂದ.

"ಅಕ್ಕಾ, ಇವತ್ತೇನಾಯ್ತು ಗೊತ್ತಾ? ಹೊಸ ಗಿರಾಕಿ ಒಬ್ಬರು ಕೂತು, 'ಈ ಬೀದೀಲಿ ಒಂದೇ ಕಣ್ಣಿನ ಕ್ಷೌರಿಕ ಒಬ್ಬ ಇದಾನಂತೆ, ಅವನ ಹತ್ರ ಹೋಗ್ಬೇಡಿ ಅಂದ್ರು, ಅದಕ್ಕೇ ನಿನ್ನ ಹತ್ರ ಬಂದೆ' ಅಂದ್ರು!"

"ನೀನೇನಂದೆ?"

"ಒಳ್ಳೇದು ಮಾಡಿದ್ರಿ ಸಾರ್ ಅಂದೆ. ಗಡ್ಡ ಪೂರ್ತಿ ಮುಗಿದ ಮೇಲೆ ನಾನೇ ಅವನು ಅಂದೆ. ಕುರ್ಚಿ ಬಿಟ್ಟು ಏಳೋಕೇ ಆಗ್ಲಿಲ್ಲ ಅವರಿಗೆ. ಆಮೇಲೆ ನಕ್ಕು, ತಲೇನೂ ಕೊಟ್ರು."

ಗೀಚಿ ನಗುತ್ತಿರುವಾಗಲೇ ಅಪ್ಪ ಅಮ್ಮ ಅವಳನ್ನು ಮನೆಗೆ ಕರೆದೊಯ್ಯಲು ಬಂದರು. ಇಬ್ಬರಿಗೂ ವಯಸ್ಸಾಗಿದೆ, ಮಗಳದ್ದು ಕಲೆಯೋ ವಿಜ್ಞಾನವೋ ಎಂಬ ವಾದ ಮಾತ್ರ ಇನ್ನೂ ಹರೆಯದಲ್ಲಿದೆ. ಕ್ಷೌರಿಕನ ಯಾವ ಕಣ್ಣು ಮಗಳು ಮಾಡಿದ್ದೆಂದು ಇಬ್ಬರೂ ಹತ್ತಿರ ಹೋಗಿ ಪರೀಕ್ಷೆ ಮಾಡಿದರು.

"ಎಡದ್ದು. ನೆರಳು ನೋಡಿದ್ರೇ ಗೊತ್ತಾಗುತ್ತೆ," ಎಂದರು ಅಪ್ಪ.

"ಬಲಗಡೇದು. ಎಡಗಡೆ ನರಗಳು ನಿಜವಾದ್ದೇ," ಎಂದಳು ಅಮ್ಮ.

ಕ್ಷೌರಿಕ ಗೀಚಿಯ ಕಡೆ ನೋಡಿದ. ಅವಳು ಹುಬ್ಬು ಹಾರಿಸಿದಳು. ಅವನು ಅಪ್ಪನ ಕಿವಿಯ ಹತ್ತಿರ ಬಗ್ಗಿ, "ನೀವು ಹೇಳಿದ್ದೇ ಸರಿ ಯಜಮಾನ್ರೇ," ಎಂದು ಪಿಸುಗುಟ್ಟಿದ. ಆಮೇಲೆ ಅಮ್ಮನ ಕಡೆ ಹೋಗಿ ಬಗ್ಗಿದ.